ವಿರಾಜಪೇಟೆಯಿಂದ ಡಾಕ್ಟ್ರು ಗೆದ್ದರೆ ನಮ್ಮ ಆಸ್ಪತ್ರೆ ಸುಧಾರಿಸುತ್ತಾ?

ಕಿಗ್ಗಟ್ಟುನಾಡು: ಸರ್ಕಾರಿ ಆಸ್ಪತ್ರೆಯಲ್ಲೇ ಕೆಲಸ ಮಾಡಿ ನಿವೃತ್ತರಾದ ನಮ್ಮ ಕಡೆಯ ಡಾಕ್ಟ್ರೊಬ್ಬರು ಮುಂದಿನ ವಿಧಾನಸಭಾ ಚುನಾವಣೆಗೆ ಕೊಡಗಿನ ವಿರಾಜಪೇಟೆಯಿಂದ ಪಕ್ಷೇತರರಾಗಿ ನಿಲ್ಲುತ್ತಿದ್ದಾರೆ. ಅವರದು ಒಂದೇ ವಿಷಯ, ಆರೋಗ್ಯ. ತಾಲ್ಲೂಕು ಆಸ್ಪತ್ರೆಯಲ್ಲಿ ತಜ್ಞರ ಹುದ್ದೆ ಖಾಲಿ ಬೀಳಬಾರದು. ಅಪಘಾತಕ್ಕೂ ಹೃದಯಾಘಾತಕ್ಕೂ ಜಿಲ್ಲೆಯೊಳಗೇ ಚಿಕಿತ್ಸೆ ಸಿಗಬೇಕು. ತೋಟದ ಕಾರ್ಮಿಕರು ಇರುವ ಲೈನ್‌ಮನೆಗಳಿಗೆ ಡಾಕ್ಟರ್ ಹೋಗಬೇಕು. 2019ರ ಜೂನ್‌ನಲ್ಲಿ ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಅಂತ ಟ್ವಿಟರ್‌ನಲ್ಲಿ ಎಷ್ಟು ಕೂಗಿದೆವು, ನೆನಪಿದೆ ಅಲ್ವಾ? ಇವತ್ತಿಗೂ ದೊಡ್ಡ ಕಾಯಿಲೆ ಅಂದರೆ ಮೈಸೂರಿಗೋ ಮಂಗಳೂರಿಗೋ ಓಡಬೇಕು. ರೋಗಿಯ ಪಕ್ಕ ನಿಂತವರೇ ವಿಧಾನಸಭೆಯಲ್ಲಿ ಮಾತಾಡಲಿ. ನನ್ನ ವೋಟು ಅವರಿಗೇ.

ಒಳ್ಳೆಮೆಣಸು: "ರೋಗಿಯ ಪಕ್ಕ ನಿಂತವರು" ಅಂದಿರಿ. 2017ರ ನವೆಂಬರ್‌ನಲ್ಲಿ ಎಲ್ಲಿ ನಿಂತಿದ್ದರು? ಖಾಸಗಿ ಆಸ್ಪತ್ರೆಗಳ ದರಕ್ಕೆ ಕಡಿವಾಣ ಹಾಕುವ ಮಸೂದೆಯನ್ನು ಆಗಿನ ಆರೋಗ್ಯ ಸಚಿವ ರಮೇಶ್ ಕುಮಾರ್ ತಂದಾಗ ರಾಜ್ಯದ ತುಂಬಾ ಡಾಕ್ಟರುಗಳು ಹೊರರೋಗಿ ವಿಭಾಗ ಮುಚ್ಚಿ, ಅಧಿವೇಶನ ನಡೆಯುತ್ತಿದ್ದ ಬೆಳಗಾವಿಗೆ ಪ್ರತಿಭಟನೆಗೆ ಹೋದರು. ಮಸೂದೆ ಮೆತ್ತಗಾದ ಮೇಲೆಯೇ ವಾಪಸ್ ಬಂದದ್ದು. 2023ರಲ್ಲಿ ರಾಜಸ್ಥಾನ ಆರೋಗ್ಯದ ಹಕ್ಕಿನ ಕಾಯ್ದೆ ತಂದಾಗಲೂ ಬೀದಿಗಿಳಿದವರು ಡಾಕ್ಟರುಗಳೇ. ಇವರಿಂದ ಸುಧಾರಣೆ ಬರುತ್ತದೆ ಅಂತ ನಾನು ನಂಬುವುದಿಲ್ಲ.

ನರ್ಸಕ್ಕ: ಮುಚ್ಚಿದ್ದು ಖಾಸಗಿಯವರು. ಆ ದಿನಗಳಲ್ಲಿ ಸರ್ಕಾರಿ ಆಸ್ಪತ್ರೆಗಳು ನಡೆಯುತ್ತಲೇ ಇದ್ದವು, ಎರಡರಷ್ಟು ಜನ ಬಂದರೂ ನೋಡಿದೆವು. ನಾನು ಆಗ ಡ್ಯೂಟಿಯಲ್ಲಿದ್ದೆ. ಎಲ್ಲ ಡಾಕ್ಟರುಗಳನ್ನೂ ಒಂದೇ ಕಟ್ಟಿಗೆ ಸೇರಿಸಬೇಡಿ. ಮೆತ್ತಗಾದ ಕಾಯ್ದೆ ಅಂತೀರಿ, ಅದರಲ್ಲಿ ಏನಿದೆ ಓದಿದ್ದೀರಾ? ತುರ್ತು ಅಂತ ಬಂದವರಿಗೆ ಮುಂಗಡ ಕಟ್ಟಿ ಅನ್ನುವ ಹಾಗಿಲ್ಲ. ಬಿಲ್ ಬಾಕಿ ಇದೆ ಅಂತ ಹೆಣ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. ನಮ್ಮ ಜನಕ್ಕೆ ಇದು ಗೊತ್ತೇ ಇಲ್ಲ, ಅದೇ ಸಂಕಟ.

ಸೋಮವಾರಪೇಟೆಯವ: ಡಾಕ್ಟರ್ ಶಾಸಕರಾಗುವುದು ಹೊಸದೇನಲ್ಲ. ಮಡಿಕೇರಿಯಲ್ಲಿ 2023ರಲ್ಲಿ ಗೆದ್ದ ಮಂತರ್ ಗೌಡರೂ ಡಾಕ್ಟರೇ. ಅದರಿಂದಲೇ ಎಲ್ಲ ಸರಿಹೋಗುವುದಾದರೆ ಈ ಚರ್ಚೆಯೇ ಬೇಕಿರಲಿಲ್ಲ. ಜಯದೇವ ಆಸ್ಪತ್ರೆಯ ಡಾ. ಮಂಜುನಾಥ್ 2024ರಲ್ಲಿ ಸಂಸದರಾದರು. ಅವರು ಆಸ್ಪತ್ರೆ ಬೆಳೆಸಿದ್ದು ನಿರ್ದೇಶಕರಾಗಿದ್ದಾಗ, ಸಂಸದರಾದ ಮೇಲಲ್ಲ. ಒಳ್ಳೆಯ ಡಾಕ್ಟರನ್ನು ಆಸ್ಪತ್ರೆಯಲ್ಲೇ ಇರಲು ಬಿಡಿ.

ಕಿಗ್ಗಟ್ಟುನಾಡು: ಆಂಧ್ರದ ವೈ.ಎಸ್. ರಾಜಶೇಖರ ರೆಡ್ಡಿ ಡಾಕ್ಟರೇ ಆಗಿದ್ದರು. 2007ರಲ್ಲಿ ಬಡವರಿಗೆ ಉಚಿತ ಚಿಕಿತ್ಸೆಯ ಆರೋಗ್ಯಶ್ರೀ ಯೋಜನೆ ತಂದರು. ಬಡವರು ಕಾರ್ಪೊರೇಟ್ ಆಸ್ಪತ್ರೆಯ ಬಾಗಿಲು ದಾಟಿದ್ದು ಅದರಿಂದ.

ಸೋಮವಾರಪೇಟೆಯವ: ಅವರು ಮುಖ್ಯಮಂತ್ರಿ. ನಿಮ್ಮವರು 224 ಶಾಸಕರಲ್ಲಿ ಒಬ್ಬ ಪಕ್ಷೇತರ. ಇಲ್ಲೇ ಮಾಕುಟ್ಟದ ಗಡಿಯಾಚೆ ನೋಡಿ. 2018ರಲ್ಲಿ ನಿಫಾ ಬಂದಾಗ ಕೇರಳವನ್ನು ಕಾಪಾಡಿದ ಆರೋಗ್ಯ ಸಚಿವೆ ಶೈಲಜಾ ಟೀಚರ್ ಡಾಕ್ಟರಲ್ಲ, ಶಾಲೆಯಲ್ಲಿ ಪಾಠ ಹೇಳಿದವರು.

ಕಾವೇರಿತೀರ: "224ರಲ್ಲಿ ಒಬ್ಬ", ಅಲ್ಲೇ ಇದೆ ನಿಜವಾದ ರೋಗ. 1952ರಿಂದ 1956ರವರೆಗೆ ಕೊಡಗು ತಾನೇ ಒಂದು ರಾಜ್ಯ. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಎರಡೂಕಾಲು ಲಕ್ಷ ಚಿಲ್ಲರೆ ಜನಕ್ಕೆ 24 ಶಾಸಕರು. ಮೈಸೂರು ರಾಜ್ಯಕ್ಕೆ ವಿಲೀನವಾದ ಮೇಲೆ ಅದು ಕುಸಿಯಿತು, 2008ಕ್ಕೆ ಮೊದಲು ಮೂರೇ ಇತ್ತು. 2008ರಲ್ಲಿ ಸೋಮವಾರಪೇಟೆ ಕ್ಷೇತ್ರವನ್ನೂ ಕಿತ್ತುಕೊಂಡು ಎರಡು ಮಾಡಿದರು. ಎರಡು ದನಿಗೆ ಬೆಂಗಳೂರು ಯಾಕೆ ಕಿವಿಗೊಡುತ್ತೆ? ಡಾಕ್ಟರ್ ನಿಲ್ಲಲಿ, ವಕೀಲ ನಿಲ್ಲಲಿ, ಫಲ ಒಂದೇ.

ಒಳ್ಳೆಮೆಣಸು: "ಕಿತ್ತುಕೊಂಡರು" ಅನ್ನುವುದು ಸುಳ್ಳು. ಕ್ಷೇತ್ರ ಮರುವಿಂಗಡಣೆ 2001ರ ಜನಗಣತಿ ಮೇಲೆ ಆಯಿತು. ನಮ್ಮ ಜಿಲ್ಲೆಯಲ್ಲಿ 5.48 ಲಕ್ಷ ಜನ. ರಾಜ್ಯದಲ್ಲಿ 5.28 ಕೋಟಿ, ಅದನ್ನು 224ರಿಂದ ಭಾಗಿಸಿದರೆ ಕ್ಷೇತ್ರಕ್ಕೆ 2.36 ಲಕ್ಷ. ಎರಡು ಸೀಟು ಸರಿಯಾದ ಲೆಕ್ಕ.

ಕಾವೇರಿತೀರ: ಲೆಕ್ಕ ಹೇಳಬೇಡಿ ಮಾರಾಯ್ರೇ. 4,102 ಚದರ ಕಿ.ಮೀ. ಜಿಲ್ಲೆಗೆ ಎರಡು ಸೀಟು. ನಮ್ಮ ಸುಮಾರು ಅರ್ಧದಷ್ಟಿರುವ ಬೆಂಗಳೂರು ನಗರ ಜಿಲ್ಲೆಗೆ 28. ತಲೆ ಎಣಿಸುವವರಿಗೆ ಘಾಟಿ, ಕಾಡು, ಮಳೆಗಾಲ ಕಾಣುವುದಿಲ್ವಾ? 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಸಂಪಾಜೆ ರಸ್ತೆ ಬಂದಾಗಿತ್ತು. ಆಗ ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದವರು ಯಾರ ಬಾಗಿಲು ತಟ್ಟಬೇಕಿತ್ತು?

ಸೋಮವಾರಪೇಟೆಯವ: ಕಾಡಿಗೆ ವೋಟಿಲ್ಲ ಸಾರ್. ಮಡಿಕೇರಿಗೆ ಮೆಡಿಕಲ್ ಕಾಲೇಜು ಬಂದದ್ದು 2016ರಲ್ಲಿ. ಆಗಲೂ ನಮಗೆ ಎರಡೇ ಸೀಟು. ಶಾಸಕರಿಬ್ಬರೂ ವಿರೋಧ ಪಕ್ಷದವರು, ಇಬ್ಬರೂ ಡಾಕ್ಟರಲ್ಲ. ಆದರೂ ಬಂತು. ನಿಮ್ಮ 24ರ ಕಥೆ ಇಲ್ಲಿಗೆ ಮುಗಿಯಿತು.

ಕಾವೇರಿತೀರ: ಕಥೆ ಅಂದಿರಾ? ನಮ್ಮ ಹಿರಿಯರು ಆಳಿಕೊಂಡಿದ್ದನ್ನು ಕಥೆ ಅನ್ನಬೇಡಿ. ನಿಮ್ಮ ಸೋಮವಾರಪೇಟೆಯ ಸೀಟೇ ಹೋಗಿದ್ದು, ನಿಮಗೇ ಉರಿಯಬೇಕಿತ್ತು.

ಸೋಮವಾರಪೇಟೆಯವ: ನನಗೆ ಉರಿಯುವುದು ಆಸ್ಪತ್ರೆಗೆ ಹೋದರೆ ತಜ್ಞರು ಇವತ್ತಿಲ್ಲ ಅಂದಾಗ. ಸೀಟು ಹೋಗಿದ್ದಕ್ಕಲ್ಲ. ನೀವು ಪ್ರತಿ ಚರ್ಚೆಯನ್ನೂ 1956ಕ್ಕೇ ಎಳೆಯುತ್ತೀರಿ.

ಸಿದ್ದಾಪುರ ಬಸ್‌ಸ್ಟ್ಯಾಂಡ್: ಅಣ್ಣಂದಿರಾ, ಲೈನ್‌ಮನೆ ಅಂತ ಮೇಲೆ ಒಂದು ಮಾತು ಬಂತು, ಆಮೇಲೆ ಯಾರೂ ಅದನ್ನು ಎತ್ತಲಿಲ್ಲ. ನಾನು ಅಲ್ಲೇ ಹುಟ್ಟಿದವನು. ಜ್ವರ ಬಂದರೆ ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ಹೋಗಬೇಕು. ಆಯುಷ್ಮಾನ್ ಕಾರ್ಡಿನಲ್ಲಿ ಐದು ಲಕ್ಷದವರೆಗೆ ಚಿಕಿತ್ಸೆ ಅಂತ ಇದೆ, ಆದರೆ ನಮ್ಮವರಲ್ಲಿ ಎಷ್ಟೋ ಮಂದಿಗೆ ಕಾರ್ಡು ಮಾಡಿಸಲು ದಾಖಲೆಯೇ ಇಲ್ಲ. ಯರವ, ಜೇನುಕುರುಬ ಆದಿವಾಸಿಗಳ ಹಾಡಿಗಳಲ್ಲೂ ಇದೇ ಕಥೆ. ಈ ಡಾಕ್ಟ್ರು ನಮ್ಮ ಲೈನಿಗೆ ಬಂದು ಹೆಂಗಸರ ರಕ್ತ ಪರೀಕ್ಷೆ ಮಾಡಿದ್ದನ್ನು ನಾನು ಕಂಡಿದ್ದೇನೆ. ಅದಕ್ಕೇ ಅವರ ಪರ.

ಕಾವೇರಿತೀರ: ದಾಖಲೆ ಇಲ್ಲದವರು ವೋಟು ಹಾಕುವುದು ಹೇಗೆ? ಅಂದರೆ ನಿಮ್ಮ ಡಾಕ್ಟ್ರಿಗೆ ಠೇವಣಿಯೂ ಸಿಗಲ್ಲ.

ನರ್ಸಕ್ಕ: ಛೆ, ಅವರು ಹೇಳಿದ್ದರಲ್ಲಿ ನಿಮಗೆ ಕಂಡದ್ದು ಇಷ್ಟೇನಾ? ದಾಖಲೆ ಇಲ್ಲದ ಗರ್ಭಿಣಿಯ ಹೆರಿಗೆಯನ್ನೂ ನಾವು ಮಾಡಿಸುತ್ತೇವೆ, ವೋಟರ್ ಲಿಸ್ಟ್ ನೋಡಿಕೊಂಡಲ್ಲ. ಇನ್ನೊಂದು ಮಾತು. ಎಲ್ಲದಕ್ಕೂ ಹೊಸ ದೊಡ್ಡ ಆಸ್ಪತ್ರೆ ಬೇಕಿಲ್ಲ. ಹೃದಯಾಘಾತದಲ್ಲಿ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಇದೆ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ತಜ್ಞರು ದೂರದಿಂದಲೇ ನೋಡಿ, ಅದನ್ನು ಉಚಿತವಾಗಿ ಕೊಡಬಹುದು. ಬೇಗ ಕೊಟ್ಟಷ್ಟೂ ಹೃದಯ ಉಳಿಯುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಇಸಿಜಿ ತೆಗೆಯಲು ಜನ ಇರಬೇಕು. ಶಾಸಕರು ಕೇಳಬೇಕಾದ ಪ್ರಶ್ನೆ ಅದು. ಅದು ತೋಚುವುದು ಒಳಗೆ ಕೆಲಸ ಮಾಡಿದವರಿಗೆ.

ಒಳ್ಳೆಮೆಣಸು: "ಹೊಸ ಆಸ್ಪತ್ರೆ ಬೇಕಿಲ್ಲ" ಅಂದುಬಿಟ್ಟಿರಾ! ತಲೆಗೆ ಪೆಟ್ಟು ಬಿದ್ದವನಿಗೆ ಯಾವ ಇಂಜೆಕ್ಷನ್ ಕೊಡುತ್ತೀರಿ? ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಇದೆ.

ನರ್ಸಕ್ಕ: "ಎಲ್ಲದಕ್ಕೂ" ಅಂದೆ ನಾನು. ಪೂರ್ತಿ ಓದಿ.

ಕಿಗ್ಗಟ್ಟುನಾಡು: ದುಡ್ಡಿನ ಮಾತು ಯಾರೂ ಆಡಲಿಲ್ಲ. 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ರಾಜ್ಯಗಳು 2020ರೊಳಗೆ ಬಜೆಟ್‌ನ ಶೇ. 8ಕ್ಕಿಂತ ಜಾಸ್ತಿ ಆರೋಗ್ಯಕ್ಕೆ ಕೊಡಬೇಕು ಅಂತ ಇದೆ. ಪ್ರತಿ ಅಧಿವೇಶನದಲ್ಲೂ ಇದನ್ನೇ ಕೇಳುತ್ತೇನೆ ಅಂತ ಡಾಕ್ಟ್ರು ಹೇಳಿದ್ದಾರೆ. ಒಬ್ಬರೇ ಆದರೂ ಬಿಡದೆ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತೆ.

ಒಳ್ಳೆಮೆಣಸು: ಬಾಯಲ್ಲಿ ಹೇಳಿದ್ದು ಸಾಲದು. ಖಾಸಗಿ ಆಸ್ಪತ್ರೆಗಳ ದರ ನಿಯಂತ್ರಣಕ್ಕೆ ತಾನು ಪರ ಅಂತ ಬರೆದು ಸಹಿ ಹಾಕಲಿ. ಅಲ್ಲಿವರೆಗೆ ನನ್ನ ವೋಟಿಲ್ಲ.

ಕಾವೇರಿತೀರ: ಸಹಿ ಹಾಕುವಾಗ ಮೂರನೇ ಸೀಟು ವಾಪಸ್ ಬೇಕು ಅಂತಲೂ ಬರೆಯಲಿ. ಅದಿಲ್ಲದಿದ್ದರೆ ನನ್ನದೂ ಇಲ್ಲ.