ಆಂಟಿವೈರಸ್ ತೆಗೆದಾಯ್ತು, ರಿಜಿಸ್ಟ್ರಿಯಲ್ಲಿ ಅದರ ಹೆಸರು ಇನ್ನೂ ಉಂಟು. ಅಳಿಸಲಾ?

ಪೆರ್ಲದ ತೋಟದವ: ಅಡಿಕೆ ಲೆಕ್ಕ, ಬ್ಯಾಂಕ್ ಕೆಲಸ ಎಲ್ಲ ಇರುವ ವಿಂಡೋಸ್ 10 ಲ್ಯಾಪ್‌ಟಾಪ್ ನನ್ನದು. ಲೈಸೆನ್ಸ್ ಮುಗಿದ ಆಂಟಿವೈರಸನ್ನು ಮೊನ್ನೆ ಕಂಟ್ರೋಲ್ ಪ್ಯಾನೆಲ್‌ನಿಂದ ತೆಗೆದೆ. ಆಮೇಲೆ ಸುಮ್ನೆ, ವಿಂಡೋಸ್ ತನ್ನ ಸೆಟ್ಟಿಂಗ್ ಎಲ್ಲ ಬರೆದಿಡುವ ರಿಜಿಸ್ಟ್ರಿಯನ್ನು ತೋರಿಸುವ ರೆಜ್‌ಎಡಿಟ್ ತೆರೆದು ಆ ಕಂಪನಿಯ ಹೆಸರು ಹುಡುಕಿದೆ. ಮುಂದಿನದ್ದು ಹುಡುಕುವ ಎಫ್3 ಒತ್ತಿದಷ್ಟೂ ಸಿಗುತ್ತದೆ. ನೂರು ದಾಟಿದ ಮೇಲೆ ಎಣಿಸುವುದು ಬಿಟ್ಟೆ. ಕೆಲವನ್ನು ಅಳಿಸಿದೆ, ಕೆಲವು ಏನು ಮಾಡಿದರೂ ಹೋಗುವುದಿಲ್ಲ. ಪರ್ಮಿಷನ್ ಬದಲಿಸಿ ಅಳಿಸಿಬಿಡಲಾ? ಇನ್ನೊಂದು ವಿಷಯ, ವಿಂಡೋಸಿನದ್ದೇ ಆಂಟಿವೈರಸ್ ಆದ ಡಿಫೆಂಡರ್ ಆನ್ ಆಗುತ್ತಲೇ ಇಲ್ಲ.

ಉಪ್ಪಳ ಕ್ಲೀನ್: ಎಲ್ಲ ಅಳಿಸಿ ಅಣ್ಣಾ. ಬಾಡಿಗೆಯವ ಮನೆ ಬಿಟ್ಟ ಮೇಲೂ ಅವನ ಪಾತ್ರೆ ಪಗಡಿ ಯಾಕೆ ಅಟ್ಟದಲ್ಲಿ ಇರಬೇಕು? ನಾನು ತಿಂಗಳಿಗೊಮ್ಮೆ ರಿಜಿಸ್ಟ್ರಿಯ ಕಸ ತೆಗೆಯುವ ಕ್ಲೀನರ್ ಓಡಿಸುತ್ತೇನೆ. ಹತ್ತು ವರ್ಷದಿಂದ ಏನೂ ಆಗಿಲ್ಲ. ಕಂಪ್ಯೂಟರ್ ಹಗುರ ಆಗುತ್ತದೆ.

ಕುಂಬಳೆ ರಿಪೇರಿ: ಎಂತದು ಹಗುರ ಮಾರಾಯ್ರೆ? ರಿಜಿಸ್ಟ್ರಿಯ ಫೈಲ್‌ಗಳು ಹತ್ತಾರು ಎಂಬಿ ಇರುತ್ತವೆ. ನೂರು ಎಂಟ್ರಿ ತೆಗೆದರೆ ಕಡಿಮೆಯಾಗುವುದು ಕೆಲವೇ ಕೆಬಿ. ಸ್ವತಃ ಮೈಕ್ರೋಸಾಫ್ಟ್ 90ರ ದಶಕದಲ್ಲಿ ರೆಜ್‌ಕ್ಲೀನ್ ಅಂತ ಒಂದು ಕೊಟ್ಟಿತ್ತು, ಆಮೇಲೆ ಹಿಂದಕ್ಕೆ ತಗೊಂಡಿತು. ಈಗ ಇಂಥ ಕ್ಲೀನರ್‌ಗಳಿಗೆ ತನ್ನ ಬೆಂಬಲ ಇಲ್ಲ ಎನ್ನುತ್ತದೆ.

ಪೆರ್ಲದವರೇ, ಕೈ ತಡೆಯಿರಿ. ಅಳಿಸಲು ಬಿಡದ ಎಂಟ್ರಿ ಅಂದ್ರೆ ಹೆಚ್ಚಾಗಿ ಎರಡರಲ್ಲಿ ಒಂದು. ಒಂದೋ ಅದು ಸಿಸ್ಟಮ್, ಅಂದ್ರೆ ವಿಂಡೋಸಿನದ್ದೇ ಖಾತೆಯ ಹೆಸರಿನಲ್ಲಿ ಇದೆ, ಇಲ್ಲವೋ ಆಂಟಿವೈರಸ್ಸಿನ ಡ್ರೈವರ್, ಅಂದ್ರೆ ವಿಂಡೋಸಿನ ಒಳಗೇ ಕೂತು ಕೆಲಸ ಮಾಡುವ ಅದರ ಭಾಗ, ಇನ್ನೂ ಓಡುತ್ತಿದ್ದು ತನ್ನ ಎಂಟ್ರಿಗಳನ್ನು ತಾನೇ ಕಾಯುತ್ತಿದೆ. ಡಿಫೆಂಡರ್ ಏಳುತ್ತಿಲ್ಲ ಅಂದಿರಲ್ಲ, ನನಗೆ ಎರಡನೆಯದೇ ಅನುಮಾನ.

ಉಪ್ಪಳ ಕ್ಲೀನ್: ಹೆದರಿಸಬೇಡಿ. ಏನಾದರೂ ಆದರೆ ರೆಜ್‌ಬ್ಯಾಕ್ ಫೋಲ್ಡರ್‌ನಲ್ಲಿ ವಿಂಡೋಸ್ ತಾನೇ ರಿಜಿಸ್ಟ್ರಿಯ ಪ್ರತಿ ಇಟ್ಟಿರುತ್ತದೆ.

ಕುಂಬಳೆ ರಿಪೇರಿ: ಇಟ್ಟಿರುತ್ತಿತ್ತು. ವಿಂಡೋಸ್ 10ರ 1803 ಆವೃತ್ತಿಯಿಂದ ಆ ಕೆಲಸ ನಿಂತಿದೆ. ಆ ಫೋಲ್ಡರ್ ತೆರೆದು ನೋಡಿ, ಫೈಲ್‌ಗಳ ಹೆಸರು ಇದ್ದರೂ ಗಾತ್ರ ಸೊನ್ನೆ.

ಉಪ್ಪಳ ಕ್ಲೀನ್: ನೋಡಿದೆ. ಸೊನ್ನೆಯೇ. ಇದು ಗೊತ್ತಿರಲಿಲ್ಲ. ಆದರೂ ಕಂಪ್ಯೂಟರನ್ನು ಹಿಂದಿನ ಸ್ಥಿತಿಗೆ ಒಯ್ಯುವ ರಿಸ್ಟೋರ್ ಪಾಯಿಂಟ್ ಉಂಟಲ್ಲ.

ಬದಿಯಡ್ಕ ಡಿಟಿಪಿ: ಕ್ಲೀನರ್ ಅಂದ ಕೂಡಲೇ ಹೊಟ್ಟೆ ಉರಿಯುತ್ತದೆ ನನಗೆ. ನುಡಿ ಫಾಂಟ್‌ಗಳನ್ನು ಡಿ ಡ್ರೈವ್‌ನಲ್ಲಿಟ್ಟು ಶಾರ್ಟ್‌ಕಟ್ ಆಗಿ ಹಾಕಿಕೊಂಡಿದ್ದೆ. ಒಂದು ಕ್ಲೀನರ್ ಅವನ್ನು ದಿಕ್ಕಿಲ್ಲದ ಫಾಂಟ್ ಎಂದು ಪಟ್ಟಿ ಮಾಡಿತು, ನಾನು ನೋಡದೆ ಒಪ್ಪಿದೆ. ಮರುದಿನ ಬ್ರಹ್ಮಕಲಶದ ಆಮಂತ್ರಣ ಪತ್ರಿಕೆ ತೆರೆದರೆ ಒಂದು ಕನ್ನಡ ಅಕ್ಷರ ಇಲ್ಲ. 'ಕ' ಇದ್ದಲ್ಲಿ ಇಂಗ್ಲಿಷಿನ ಪಿ, ಅದರ ಪಕ್ಕ ತಲೆ ಮೇಲೆ ಗೀಟು ಹಾಕಿದ ಎ. ದೇವಸ್ಥಾನದವರು ಪ್ರೂಫ್ ನೋಡಲು ಹೊರಗೆ ಬೆಂಚಿನಲ್ಲಿ ಕೂತಿದ್ದಾರೆ!

ಮುಳ್ಳೇರಿಯ ಮಾಷ್ಟ್ರು: ನಮ್ಮ ಶಾಲೆಯ ಲ್ಯಾಬಿನಲ್ಲಿ ವಿಂಡೋಸ್ ಅಲ್ಲ, ಕೇರಳ ಸರ್ಕಾರದ ಸಂಸ್ಥೆ ಕೈಟ್ ಕೊಟ್ಟ ಉಬುಂಟು. ರಿಜಿಸ್ಟ್ರಿಯೇ ಇಲ್ಲ. ಈ ತಲೆಬಿಸಿಯೂ ಇಲ್ಲ. 😊

ಬದಿಯಡ್ಕ ಡಿಟಿಪಿ: ಮಾಷ್ಟ್ರೆ, ಅದರಲ್ಲಿ ನಾನು ಪುಟ ಕಟ್ಟುವ ಪೇಜ್‌ಮೇಕರ್ ಓಡಿಸಿ ಕೊಡಿ, ನಾಳೆಯೇ ಬದಲಾಯಿಸುತ್ತೇನೆ.

ಕುಂಬಳೆ ರಿಪೇರಿ: ವಿಷಯಕ್ಕೆ ಬರುತ್ತೇನೆ. ಉಳಿದ ಎಂಟ್ರಿಗಳಲ್ಲಿ ಜಾಸ್ತಿಯವು ಸತ್ತವು. ಯಾರೂ ಓದುವುದಿಲ್ಲ, ಬಿದ್ದಿರಲಿ. ನೋಡಬೇಕಾದ್ದು ಜೀವ ಇರುವವನ್ನು ಮಾತ್ರ. ಮುಖ್ಯವಾಗಿ ಸರ್ವಿಸಸ್ ಕೀ (ಕೀ ಅಂದ್ರೆ ರಿಜಿಸ್ಟ್ರಿಯೊಳಗಿನ ಫೋಲ್ಡರ್) ಒಳಗಿನ ಡ್ರೈವರ್‌ಗಳು, ಮತ್ತೆ ಅಪ್ಪರ್‌ಫಿಲ್ಟರ್ಸ್, ಲೋವರ್‌ಫಿಲ್ಟರ್ಸ್ ಎಂಬ ಸಾಲುಗಳು. ಫಿಲ್ಟರ್ ಅಂದ್ರೆ ದಾರಿ ಮಧ್ಯೆ ಕೂತು ಹೋಗಿ ಬರುವುದನ್ನು ತಪಾಸಣೆ ಮಾಡುವ ಡ್ರೈವರ್. ಕೆಲವು ಆಂಟಿವೈರಸ್‌ಗಳು ಕೀಬೋರ್ಡ್ ದಾರಿಯಲ್ಲೂ ತಮ್ಮ ಫಿಲ್ಟರ್ ಕೂರಿಸುತ್ತವೆ.

ನನ್ನ ಅಂಗಡಿಗೆ ಒಬ್ಬರು ಕಂಪ್ಯೂಟರ್ ತಂದಿದ್ದರು. ಸರ್ವಿಸಸ್‌ನಲ್ಲಿ ಕಂಪನಿಯ ಹೆಸರಿದ್ದದ್ದನ್ನೆಲ್ಲ ಕಿತ್ತಿದ್ದಾರೆ. ಅಪ್ಪರ್‌ಫಿಲ್ಟರ್ಸ್‌ನಲ್ಲಿ ಮಾತ್ರ ಆ ಫಿಲ್ಟರ್ ಹೆಸರು ಹಾಗೇ ಉಳಿದಿದೆ. ರೀಸ್ಟಾರ್ಟ್ ಆದ ಮೇಲೆ ಕೀಬೋರ್ಡ್ ಸತ್ತಿತು. ಬೇರೆ ಕೀಬೋರ್ಡ್ ಚುಚ್ಚಿದರೂ ಅಷ್ಟೇ. ಪಾಸ್‌ವರ್ಡನ್ನು ಪರದೆಯ ಕೀಬೋರ್ಡ್‌ನಲ್ಲಿ ಮೌಸಿನಿಂದ ಒಂದೊಂದೇ ಅಕ್ಷರ ಕುಟ್ಟಿ ಒಳಗೆ ಹೋದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ, ಕೋಡ್ 39. ಆ ಸಾಲಿನಿಂದ ಕಂಪನಿಯ ಹೆಸರು ಮಾತ್ರ ತೆಗೆದು, ವಿಂಡೋಸಿನದ್ದೇ ಕೀಬೋರ್ಡ್ ಡ್ರೈವರ್ ಆದ ಕೆಬಿಡಿಕ್ಲಾಸ್ ಎಂಬುದನ್ನು ಹಾಗೇ ಬಿಟ್ಟೆ. ಮತ್ತೆ ರೀಸ್ಟಾರ್ಟ್ ಮಾಡಿದಾಗ ಕೀಬೋರ್ಡ್ ಬಂತು. ಸಿಟ್ಟಿನಲ್ಲಿ ಇಡೀ ಸಾಲನ್ನೇ ಅಳಿಸಿದ್ದರೆ ಕೀಬೋರ್ಡ್ ಬರುತ್ತಲೇ ಇರಲಿಲ್ಲ.

ಪೆರ್ಲದ ತೋಟದವ: ನಾನು ಅಳಿಸಿದ್ದು ಸಾಫ್ಟ್‌ವೇರ್ ಎಂಬ ಕೀ ಒಳಗೆ ಮಾತ್ರ. ಸರ್ವಿಸಸ್ ಮುಟ್ಟಿಲ್ಲ, ಪುಣ್ಯ. ಈಗ ಎಂತ ಮಾಡಲಿ?

ಕುಂಬಳೆ ರಿಪೇರಿ: ಮೊದಲು ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ಎಫ್‌ಎಲ್‌ಟಿಎಂಸಿ ಎಂದು ಇಂಗ್ಲಿಷಿನಲ್ಲಿ ಒತ್ತಿ. ಫೈಲ್ ಫಿಲ್ಟರ್‌ಗಳ ಪಟ್ಟಿ ಬರುತ್ತದೆ. ಪ್ರತಿಯೊಂದರ ಮುಂದೆ ಆಲ್ಟಿಟ್ಯೂಡ್ ಎಂಬ ಸಂಖ್ಯೆ. 320000ರಿಂದ ಶುರುವಾಗಿ 330000ದ ಒಳಗಿನದ್ದು ಆಂಟಿವೈರಸ್ ಗುಂಪು. 328010 ಡಿಫೆಂಡರಿನದ್ದು. ಆ ಗುಂಪಿನಲ್ಲಿ ಬೇರೆ ಹೆಸರು ಕಂಡರೆ ನಿಮ್ಮ ಹಳೇ ನೆಂಟ ಇನ್ನೂ ಮನೆಯೊಳಗೇ ಇದ್ದಾನೆ.

ಇದ್ದರೆ, ಕಂಪನಿಯದ್ದೇ ರಿಮೂವಲ್ ಟೂಲ್ ಇಳಿಸಿಕೊಳ್ಳಿ. ಮ್ಯಾಕಫಿಗೆ ಎಂಸಿಪಿಆರ್, ಅವಾಸ್ಟ್‌ಗೆ ಅವಾಸ್ಟ್ ಕ್ಲಿಯರ್, ಕ್ಯಾಸ್ಪರ್ಸ್ಕಿಗೆ ಕಾವ್‌ರಿಮೂವರ್, ಹೀಗೆ. ಅಗತ್ಯದ ಡ್ರೈವರ್‌ಗಳು ಮಾತ್ರ ಓಡುವ ಸೇಫ್ ಮೋಡ್‌ನಲ್ಲಿ ಓಡಿಸುವುದು ಒಳ್ಳೆಯದು, ಇಸೆಟ್‌ನದ್ದು ಸೇಫ್ ಮೋಡ್‌ನಲ್ಲೇ ಆಗಬೇಕು. ಯಾವ ಫಿಲ್ಟರನ್ನು ಎಲ್ಲಿಂದ ಬಿಚ್ಚಬೇಕು ಎಂದು ಕಟ್ಟಿದವನಿಗೇ ಗೊತ್ತು.

ಕಾಸರಗೋಡು ಫಾರ್ಮ್ಯಾಟ್: ಇಷ್ಟೆಲ್ಲ ಯಾಕೆ? ಫಾರ್ಮ್ಯಾಟ್ ಹೊಡೆದು ಹನ್ನೊಂದು ಹಾಕಿ. ಹತ್ತರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.

ಕುಂಬಳೆ ರಿಪೇರಿ: ದಿನಾಂಕ ಸರಿ. ಆದರೆ ಒಂದು ಫಿಲ್ಟರ್‌ಗೋಸ್ಕರ ಅವರ ಅಡಿಕೆ ಲೆಕ್ಕ ಎಲ್ಲ ಹೊರಗೆ ಹಾಕಿ ಒಳಗೆ ತರಬೇಕಾ?

ಉಪ್ಪಳ ಕ್ಲೀನ್: ಡಿಫೆಂಡರ್ ಏಳದಿರುವುದು ರಿಜಿಸ್ಟ್ರಿ ಕಸದಿಂದಲೇ ಅಲ್ವಾ? ಹಾಗಾದರೆ ಕಸ ತೆಗೆಯಿರಿ ಅಂತ ನಾನು ಹೇಳಿದ್ದು ಹೇಗೆ ತಪ್ಪು?

ಕುಂಬಳೆ ರಿಪೇರಿ: ಇಲ್ಲಿ ಒಂದು ಗೊಂದಲ ಉಂಟು. ಯಾವ ಆಂಟಿವೈರಸ್ ಇದೆ ಎಂಬ ನೋಂದಣಿಯನ್ನು ವಿಂಡೋಸಿನ ಸೆಕ್ಯುರಿಟಿ ಸೆಂಟರ್ ಇಟ್ಟುಕೊಳ್ಳುತ್ತದೆ. ಹಳೇ ಹೆಸರು ಅಲ್ಲಿ ಉಳಿದರೆ ಡಿಫೆಂಡರ್ ಮೂಲೆಯಲ್ಲಿ ಕೂರುತ್ತದೆ. ಅದು ಕಂಡದ್ದನ್ನೆಲ್ಲ ಕೈಯಲ್ಲಿ ಕಿತ್ತು ಸರಿಮಾಡುವ ಕಸ ಅಲ್ಲ. ಒಳ್ಳೆ ರಿಮೂವಲ್ ಟೂಲ್ ಅದನ್ನೂ ತೆಗೆಯುತ್ತದೆ.

ಪೆರ್ಲದ ತೋಟದವ: ಆಯ್ತು, ವರದಿ ಒಪ್ಪಿಸುತ್ತೇನೆ. ಎಫ್‌ಎಲ್‌ಟಿಎಂಸಿಯಲ್ಲಿ ಹಳೇ ಕಂಪನಿಯ ಹೆಸರು ಇತ್ತು! ಸೇಫ್ ಮೋಡ್‌ನಲ್ಲಿ ಟೂಲ್ ಓಡಿಸಿದೆ. ಕರೆಂಟ್ ಹೋಗಿ ಬಂದು, ಬ್ಯಾಟರಿ ಸಾಕಾಗುತ್ತದೋ ಇಲ್ಲವೋ ಎಂಬ ಹೆದರಿಕೆ ಬೇರೆ. ಈಗ ಆ ಗುಂಪಿನಲ್ಲಿ 328010 ಒಂದೇ. ಡಿಫೆಂಡರ್ ತಾನಾಗಿ ಹಸಿರು ಆಯ್ತು. ರೆಜ್‌ಎಡಿಟ್‌ನಲ್ಲಿ ಇನ್ನೂ 14 ಕಡೆ ಹೆಸರು ಸಿಗುತ್ತದೆ.

ಉಪ್ಪಳ ಕ್ಲೀನ್: ಆ 14 ಬಿಟ್ಟಿರಾ? ನನಗಾದರೆ ರಾತ್ರಿ ನಿದ್ದೆ ಬಾರದು.

ಪೆರ್ಲದ ತೋಟದವ: ಬಿಟ್ಟೆ. ಅದರಲ್ಲಿ ಒಂದು ಲಾಸ್ಟ್‌ಕೀ ಅಂತ, ರೆಜ್‌ಎಡಿಟ್ ತಾನೇ ಬರೆದಿಟ್ಟದ್ದು. ಕಳೆದ ಸಲ ನಾನು ಯಾವ ಕೀ ತೆರೆದು ಮುಚ್ಚಿದ್ದೆ ಅಂತ ನೆನಪಿಟ್ಟುಕೊಳ್ಳುತ್ತದಂತೆ. ಅಂದ್ರೆ ಆ ಒಂದು ಕಸ ನನ್ನದೇ.