ಡಿಕ್ಟ್‌ನಿಂದ ಇನ್ಹೆರಿಟ್ ಮಾಡಿದ ಕ್ಲಾಸ್: ಅಪ್‌ಡೇಟ್ ಮಾಡಿದಾಗ ಕೀ ನಾರ್ಮಲೈಸ್ ಆಗುತ್ತಿಲ್ಲ (ಪೈಥಾನ್ 3)

ಪ್ರಶ್ನೆ:
ನಮಸ್ಕಾರ. ಕನ್ನಡ ಪದಗಳನ್ನು ಎಣಿಸುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ‘ಕೊಡೆ’ಯಲ್ಲಿನ ‘ಕೊ’ ಯುನಿಕೋಡ್‌ನಲ್ಲಿ ಎರಡು ರೀತಿ ಬರಬಹುದು: ಒ-ಕಾರದ ಚಿಹ್ನೆ ಒಂದೇ ಕೋಡ್ ಆಗಿ, ಇಲ್ಲವೇ ಎ-ಕಾರ ಮತ್ತು ಊ-ಕಾರದ ಎರಡು ಕೋಡ್ ಆಗಿ. ಕಣ್ಣಿಗೆ ಎರಡೂ ಒಂದೇ, ಡಿಕ್ಟ್‌ಗೆ (ಕೀ ಮತ್ತು ಅದರ ಮೌಲ್ಯವನ್ನು ಜೋಡಿಯಾಗಿ ಇಡುವ ಪೈಥಾನ್ ಟೈಪ್) ಬೇರೆ ಬೇರೆ ಕೀ. ಅದಕ್ಕೇ ಡಿಕ್ಟ್‌ನಿಂದ ಇನ್ಹೆರಿಟ್ ಮಾಡಿ (ಅದರ ಗುಣಗಳನ್ನು ಪಡೆದ ಹೊಸ ಕ್ಲಾಸ್ ಮಾಡಿ), ಬೆಲೆ ಇಡುವ ಸೆಟ್‌ಐಟಂ ಮತ್ತು ಓದುವ ಗೆಟ್‌ಐಟಂ ಮೆಥಡ್‌ಗಳನ್ನು ಓವರ್‌ರೈಡ್ ಮಾಡಿ (ನನ್ನದಾಗಿ ಮತ್ತೆ ಬರೆದು) ಕೀಯನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಂದೇ ಕೋಡ್ ಇರುವ ಯುನಿಕೋಡ್ ರೂಪಕ್ಕೆ, ತರುತ್ತಿದ್ದೇನೆ. ಚೌಕ ಆವರಣದಲ್ಲಿ ಒಂದೊಂದಾಗಿ ತುಂಬಿದರೆ ಸರಿ. ಅಪ್‌ಡೇಟ್‌ನಿಂದಲೋ ಕನ್‌ಸ್ಟ್ರಕ್ಟರ್‌ನಿಂದಲೋ ತುಂಬಿದರೆ ‘ಕೊಡೆ’ ಎರಡು ಸಲ ಬರುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ:
ನಿಮ್ಮ ಎರಡು ಮೆಥಡ್‌ಗಳು ಸರಿಯಾಗಿಯೇ ಇವೆ, ಅವನ್ನು ಯಾರೂ ಕರೆಯುತ್ತಿಲ್ಲ ಅಷ್ಟೇ. ಸಿಪೈಥಾನ್‌ನಲ್ಲಿ (ನಾವು ಸಾಮಾನ್ಯವಾಗಿ ಬಳಸುವ ಪೈಥಾನ್) ಡಿಕ್ಟ್ ಸಿ ಭಾಷೆಯಲ್ಲಿದೆ. ಅದರ ಅಪ್‌ಡೇಟ್, ಗೆಟ್, ಸೆಟ್‌ಡಿಫಾಲ್ಟ್ ನೇರವಾಗಿ ಒಳಗಿನ ಹ್ಯಾಶ್ ಟೇಬಲ್‌ಗೇ ಕೈಹಾಕುತ್ತವೆ. ಅವನ್ನೂ ಒಂದೊಂದಾಗಿ ಓವರ್‌ರೈಡ್ ಮಾಡುತ್ತಾ ಹೋಗಬೇಡಿ, ದಯವಿಟ್ಟು. 3.9ರಲ್ಲಿ ಡಿಕ್ಟ್‌ಗಳನ್ನು ಕೂಡಿಸುವ ಆಪರೇಟರ್ ಬಂತು. ಅಂಥದ್ದು ಬಂದಾಗಲೆಲ್ಲ ನಿಮ್ಮ ನಿಯಮ ತಪ್ಪಿಸಿಕೊಳ್ಳಲು ಇನ್ನೊಂದು ದಾರಿ ತೆರೆಯುತ್ತದೆ.

ಜಾವಾದಲ್ಲಿ ಇದೇ ತೊಂದರೆ ತಿರುಗುಮುರುಗಾಗಿ ಬರುತ್ತದೆ. ಹ್ಯಾಶ್‌ಸೆಟ್‌ ಎಂಬ ಕ್ಲಾಸ್‌ನಲ್ಲಿ ಹಲವನ್ನು ಒಟ್ಟಿಗೆ ಸೇರಿಸುವ ಆಡ್‌ಆಲ್, ಒಂದನ್ನು ಸೇರಿಸುವ ಆಡ್ ಅನ್ನು ಒಳಗೊಳಗೇ ಕರೆಯುತ್ತದೆ. ಎರಡನ್ನೂ ಓವರ್‌ರೈಡ್ ಮಾಡಿ ಎರಡರಲ್ಲೂ ಎಣಿಸಿದರೆ, ಆಡ್‌ಆಲ್‌ನಿಂದ ಸೇರಿಸಿದ್ದು 3, ಲೆಕ್ಕ 6. ಒಂದು ಕಡೆ ಕರೆಯುವುದಿಲ್ಲ, ಇನ್ನೊಂದು ಕಡೆ ಕರೆಯುತ್ತದೆ. ಪೇರೆಂಟ್ ಕ್ಲಾಸ್ ಒಳಗೆ ಏನು ನಡೆಯುತ್ತದೆ ಎಂದು ಊಹಿಸಿ ಬರೆದ ಕೋಡ್ ಎರಡೂ ಕಡೆ ಕೈಕೊಡುತ್ತದೆ.

ಹಾಗಾಗಿ ಕಾಂಪೊಸಿಷನ್, ಅಂದರೆ ಡಿಕ್ಟ್‌ನಿಂದ ಇನ್ಹೆರಿಟ್ ಮಾಡದೆ ಅದನ್ನು ಒಳಗಿಟ್ಟುಕೊಂಡು ಬಳಸುವುದು. ಕ್ಲಾಸ್ ಒಳಗೆ ಸಾಮಾನ್ಯ ಡಿಕ್ಟ್ ಒಂದನ್ನು ಇಟ್ಟುಕೊಳ್ಳಿ. ಕಲೆಕ್ಷನ್ಸ್ ಎಬಿಸಿ ಮಾಡ್ಯೂಲ್‌ನ ಮ್ಯೂಟಬಲ್‌ಮ್ಯಾಪಿಂಗ್‌ನಿಂದ (ಡಿಕ್ಟ್‌ನಂಥ ಕ್ಲಾಸ್ ಬರೆಯಲು ಕೊಟ್ಟಿರುವ ಮೂಲ ಕ್ಲಾಸ್) ಇನ್ಹೆರಿಟ್ ಮಾಡಿ 5 ಮೆಥಡ್ ಬರೆಯಿರಿ: ಗೆಟ್‌ಐಟಂ, ಸೆಟ್‌ಐಟಂ, ಡೆಲ್‌ಐಟಂ, ಇಟರ್, ಲೆನ್. ಇನಿಟ್‌ನಲ್ಲಿ ಖಾಲಿ ಡಿಕ್ಟ್ ಮಾಡಿಕೊಂಡು ಸೆಲ್ಫ್‌ನ ಅಪ್‌ಡೇಟ್ ಕರೆದರೆ ಕನ್‌ಸ್ಟ್ರಕ್ಟರ್ ಕೂಡ ಸರಿಹೋಗುತ್ತದೆ.

ಪ್ರಶ್ನೆ:
ಈಗ ಪದ ಒಂದೇ ಸಲ ಬರುತ್ತಿದೆ, ಧನ್ಯವಾದ. ಆದರೆ ಮ್ಯೂಟಬಲ್‌ಮ್ಯಾಪಿಂಗ್ ಬಳಸುವುದೂ ಇನ್ಹೆರಿಟೆನ್ಸೇ ಅಲ್ಲವೇ? ಜೊತೆಗೆ ಡೇಟಾವನ್ನು ಜೇಸನ್ ಪಠ್ಯವಾಗಿಸುವ ಜೇಸನ್ ಡಂಪ್ಸ್ ಈಗ ಟೈಪ್‌ಎರರ್ ಕೊಡುತ್ತಿದೆ.

ಉತ್ತರ:
ಹೌದು, ಇನ್ಹೆರಿಟೆನ್ಸೇ. ಆದರೆ ಅದರಲ್ಲಿ ಡೇಟಾ ಇಲ್ಲ, ಉಳಿದ ಮೆಥಡ್‌ಗಳೆಲ್ಲ ನೀವು ಬರೆದ ಆ 5ರ ಮೂಲಕವೇ ನಡೆಯಬೇಕೆಂದೇ ಅದನ್ನು ಕಟ್ಟಿದ್ದಾರೆ. ಡಿಕ್ಟ್ ಅಂಥ ಮಾತು ಕೊಟ್ಟಿಲ್ಲ. ಇನ್ಹೆರಿಟೆನ್ಸ್ ಪೂರ್ತಿ ಬಿಡಿ ಎಂದು ನಾನು ಹೇಳುವುದಿಲ್ಲ. ಇನ್ಹೆರಿಟ್ ಮಾಡಲೆಂದೇ ಬರೆದ ಕ್ಲಾಸ್ ಆದರೆ ಧೈರ್ಯವಾಗಿ ಮಾಡಿ.

ಜೇಸನ್ ಮಾಡ್ಯೂಲ್ ನಿಜವಾದ ಡಿಕ್ಟ್ ಹೌದೋ ಅಲ್ಲವೋ ಎಂದು ನೋಡುತ್ತದೆ, ನಿಮ್ಮ ಕ್ಲಾಸ್ ಈಗ ಡಿಕ್ಟ್ ಅಲ್ಲ. ಒಳಗಿನ ಡಿಕ್ಟನ್ನೇ ಡಂಪ್ಸ್‌ಗೆ ಕೊಡಿ. ಹಾಗೇ ಎನ್ಶೂರ್ ಆಸ್ಕಿಯನ್ನು ಫಾಲ್ಸ್ ಮಾಡಿ, ಇಲ್ಲದಿದ್ದರೆ ಫೈಲ್‌ನಲ್ಲಿ ಕನ್ನಡದ ಬದಲು ಬರೀ ಬ್ಯಾಕ್‌ಸ್ಲ್ಯಾಶ್ ಯು ಎಂದು ಶುರುವಾಗುವ ಕೋಡ್‌ಗಳು ಕಾಣುತ್ತವೆ.