ಹಣ್ಣಡಿಕೆ ಬಣ್ಣದ ಉಗುರು ಬೇಕು ಅಂತ ಎಐಗೆ ಹೇಳುವುದು ಹೇಗೆ?

ಬದಿಯಡ್ಕದ ತಂಗಿ:
ಮುಂದಿನ ತಿಂಗಳು ಅಕ್ಕನ ಮದುವೆ, ಮಧೂರಿನಲ್ಲಿ. ನಾನು ಉಡುವುದು ಕಡು ಹಸಿರು ರೇಷ್ಮೆ ಸೀರೆ, ಅಂಚು ಹಣ್ಣಡಿಕೆ ಬಣ್ಣ. ಉಗುರಿಗೂ ಅದೇ ಬಣ್ಣ ಹಚ್ಚಬೇಕು ಅಂತ ತುಂಬಾ ಆಸೆ. ಮೊದಲು ಚಿತ್ರದಲ್ಲಿ ನೋಡೋಣ ಅಂತ ಮೂರು ರಾತ್ರಿ ಎಐ ಜೊತೆ ಕೂತೆ. "ಮದುವೆಗೆ ಚಂದದ ನೈಲ್ ಡಿಸೈನ್" ಅಂದರೆ ಬಿಳಿ ಗೌನಿನ ಮದುಮಗಳ ಕೈ ಬರುತ್ತದೆ. ಉಗುರು ಒಂದಿಂಚು ಉದ್ದ, ಮೇಲೆಲ್ಲ ಕಲ್ಲು. "ಅಡಿಕೆ ಬಣ್ಣ" ಅಂದರೆ ಕಂದು. ನನಗೆ ಬೇಕಾದದ್ದು ಅಂಗಳದಲ್ಲಿ ಹರಡಿದ ಮೊದಲ ದಿನದ ಬಣ್ಣ, ಸಿಪ್ಪೆ ಇನ್ನೂ ಮಿನುಗುತ್ತಿರುವಾಗ ಇರುತ್ತದಲ್ವಾ, ಅದು.

ನನ್ನ ಉಗುರು ಗಿಡ್ಡ. ಅಡಿಕೆ ಸುಲಿಯುವ ಮನೆ, ಉದ್ದ ಬಿಟ್ಟರೆ ಉಳಿಯುವುದಿಲ್ಲ. ಹೆಬ್ಬೆರಳಿನ ಉಗುರಿನ ತುದಿಗೆ ಕಲೆ ಕೂತಿದೆ. ಹೇಗೆ ಹೇಳಿದರೆ ಅದಕ್ಕೆ ಅರ್ಥ ಆಗುತ್ತದೆ?

ಕುಂಬಳೆಯ ಪಾರ್ಲರ್ ಅಕ್ಕ:
ತಂಗಿ, "ಚಂದದ" ಅನ್ನುವುದನ್ನು ಬಿಡು. ಪಾರ್ಲರಿಗೆ ಬಂದವರನ್ನು ನಾನು ಏನು ಕೇಳುತ್ತೇನೋ ಅದನ್ನೇ ಬರೆ.

ಮೊದಲು ಉದ್ದ. ಗಿಡ್ಡ ಅಂದರೆ ಸಾಲದು, ಬೆರಳ ತುದಿಯಿಂದ 1 ಮಿಲಿಮೀಟರ್ ಹೊರಗೆ ಅನ್ನು. ಆಮೇಲೆ ಆಕಾರ. ಆಲ್ಮಂಡ್ ಅಂದರೆ ಬಾದಾಮಿ ಹಾಗೆ ತುದಿ ಕಿರಿದಾದದ್ದು, ಕಾಫಿನ್ ಅಂದರೆ ಕಿರಿದಾಗಿ ತುದಿ ನೇರ ಕತ್ತರಿಸಿದ್ದು; ಎರಡಕ್ಕೂ ಉದ್ದ ಬೇಕು. ನಿನಗೆ ಓವಲ್, ಇಲ್ಲದಿದ್ದರೆ ಸ್ಕ್ವೋವಲ್, ಅಂದರೆ ಚೌಕದ ಮೂಲೆ ಉರುಟು ಮಾಡಿದ್ದು. ಸಿಪ್ಪೆಯ ಮಿನುಗು ಬೇಕಾದರೆ ಗ್ಲಾಸಿ ಅಂತ ಹಾಕು. ಕ್ರೋಮ್ ಅಂದರೆ ಕನ್ನಡಿ ಹಾಗೆ ಲೋಹದ ಹೊಳಪು ಬಂದುಬಿಡುತ್ತದೆ. ಕ್ಯಾಟ್ ಐ ಬೇರೆಯೇ: ಪಾಲಿಶ್‌ನಲ್ಲಿ ಲೋಹದ ಸಣ್ಣ ಪುಡಿ ಇರುತ್ತದೆ, ಹಸಿ ಇರುವಾಗ ಮ್ಯಾಗ್ನೆಟ್ ಹಿಡಿದರೆ ಗೆರೆ ಮೂಡುತ್ತದೆ.

ಯಾವ ಬೆರಳಿಗೆ ಏನು ಅಂತಲೂ ಹೇಳಬೇಕು, ಇಲ್ಲದಿದ್ದರೆ ಹತ್ತಕ್ಕೂ ಡಿಸೈನ್ ತುಂಬಿಸುತ್ತದೆ. ಉಂಗುರ ಬೆರಳು ನಿನ್ನ ಸೀರೆ ಹಾಗೆಯೇ ಇರಲಿ: ಹಸಿರು, ತುದಿಗೆ ಮಾತ್ರ ಹಣ್ಣಡಿಕೆ ಬಣ್ಣದ ಗೆರೆ. ಇದಕ್ಕೆ ಫ್ರೆಂಚ್ ಟಿಪ್ ಅನ್ನುತ್ತಾರೆ. ಉಳಿದವು ಪೂರ್ತಿ ಒಂದೇ ಬಣ್ಣ. ದಪ್ಪಗೆ ಎರಡು ಕೋಟ್ ಹಾಕಿದರೆ ಕಲೆ ಕಾಣುವುದಿಲ್ಲ, ಅದಕ್ಕೆ ಬೇಜಾರು ಮಾಡಬೇಡ. ಬರುವಾಗ ಚಿತ್ರದ ಜೊತೆ ಬರೆದ ಸಾಲುಗಳನ್ನೂ ತೋರಿಸು. ನನಗೆ ಅವೇ ಜಾಸ್ತಿ ಉಪಯೋಗ.

ಮಂಜೇಶ್ವರದ ಡಿಟಿಪಿಯವ:
ಬಣ್ಣವನ್ನು ಬಣ್ಣವಾಗಿಯೇ ಹೇಳಿ. ಅಡಿಕೆ ಅಂದ ಕೂಡಲೇ ಅದಕ್ಕೆ ನೆನಪಾಗುವುದು ಸುಲಿದ ಅಡಿಕೆ. "ಕೆಂಪು ಸ್ವಲ್ಪ ಬೆರೆತ ಗಾಢ ಕಿತ್ತಳೆ ಹಳದಿ" ಅನ್ನಿ. ಇನ್ನೂ ಒಳ್ಳೆಯದು ಅಂದರೆ ಸೀರೆ ಅಂಚಿನ ಫೋಟೋ ಹಾಕುವುದು. ಹಗಲು ಜಗಲಿಯಲ್ಲಿ ತೆಗೆಯಿರಿ. ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ಬಣ್ಣ ಬೇರೆ ಕಾಣುತ್ತದೆ.

"ಕಲ್ಲು ಬೇಡ" ಅಂತ ಬರೆದರೆ ಎಷ್ಟೋ ಸಲ ಕಲ್ಲೇ ಬರುತ್ತದೆ. "ಬರೀ ಬಣ್ಣ, ಮೇಲೆ ನುಣುಪು" ಅಂತ ಬೇಕಾದದ್ದನ್ನೇ ಬರೆಯಿರಿ. ಮದರಂಗಿ ಅನ್ನುವ ಮಾತು ಬಂದರೆ ಅಂಗೈ ತುಂಬ ಬಿಡಿಸಿಬಿಡುತ್ತದೆ, ಅದೂ ಜಾಗ್ರತೆ.

ಬದಿಯಡ್ಕದ ತಂಗಿ:
ಬಂತು! ನಾನು ಬರೆದದ್ದು ಹೀಗೆ: "ಗೋಧಿ ಬಣ್ಣದ ಕೈ. ಉಗುರು ಬೆರಳ ತುದಿಯಿಂದ 1 ಮಿಲಿಮೀಟರ್ ಹೊರಗೆ, ಓವಲ್, ಗ್ಲಾಸಿ. ನಾಲ್ಕು ಬೆರಳಿಗೆ ಫೋಟೋದಲ್ಲಿರುವ ಸೀರೆ ಅಂಚಿನ ಬಣ್ಣ. ಉಂಗುರ ಬೆರಳಿಗೆ ಕಡು ಹಸಿರು, ತುದಿಯಲ್ಲಿ ಅಂಚಿನ ಬಣ್ಣದ ಸಣ್ಣ ಗೆರೆ. ಬರೀ ಬಣ್ಣ, ಮೇಲೆ ನುಣುಪು." ಎರಡನೇ ಸಲಕ್ಕೇ ನನ್ನ ಕೈಯ ಹಾಗಿರುವ ಕೈ ಬಂತು.

ಅಮ್ಮನಿಗೆ ತೋರಿಸಿದೆ. ಅವರು ಮಾತಾಡದೆ ಹೋಗಿ ತೋಟದಿಂದ ಒಂದು ಹಣ್ಣಡಿಕೆ ತಂದು ಮೊಬೈಲ್ ಪಕ್ಕ ಇಟ್ಟರು. ಹಣ್ಣಿನಲ್ಲಿ ಕೆಂಪು ಸ್ವಲ್ಪ ಜಾಸ್ತಿ. ಪಾರ್ಲರ್ ಅಕ್ಕಾ, ಶನಿವಾರ ಬರುವಾಗ ಆ ಹಣ್ಣನ್ನೂ ತರುತ್ತೇನೆ, ಎರಡು ಬಾಟಲಿ ಬೆರೆಸಿ ಆ ಬಣ್ಣ ಮಾಡಿಕೊಡುತ್ತೀರಾ?